ನಾಲ್ಕು ಕೊಂಬೆ ದೇವಕಣಗಿಲೆ

ಅಬ್ಬಿಗೆರೆ
೧೨ ಜೂನ್ ೨೦೧೬

ಪ್ರೀತಿಯ ರತ್ನಕ್ಕನಿಗೆ,

ನಿನ್ನ ತಂಗಿ ಸರಳಾಳ ನಮಸ್ಕಾರ. ಹುಣಸಮಾರನಹಳ್ಳಿಯಲ್ಲಿ ಭಾವ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಐದು ತಿಂಗಳಿಂದ ನಿನ್ನ ಫೋನ್ ಎತ್ತಿಲ್ಲ, ಬೇಸರಿಸಬೇಡ. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳೋಣವೆಂದು ಕೂತಿದ್ದೇನೆ.

ಜನವರಿಯಲ್ಲಿ ಮಗು ಹೊಟ್ಟೆಯಲ್ಲೇ ಹೋದ ಮೇಲೆ ನಾನು ಮಂಚ ಬಿಟ್ಟು ಏಳುತ್ತಿರಲಿಲ್ಲ. ಮರುತಿಂಗಳು ಚರಂಡಿಗೆಂದು ಪಾಲಿಕೆಯವರು ನಮ್ಮ ಕಾಂಪೌಂಡ್ ಒಡೆದರು. ಬಾಗಿಲ ಮುಂದಿನ ದೇವಕಣಗಿಲೆಯನ್ನೂ ಉರುಳಿಸಿದರು. ಆ ಸದ್ದಿಗೆ ಹೊರಗೆ ಬಂದು ನಿಂತೆ. ಕಡಿದ ಕಡೆಯೆಲ್ಲ ಹಾಲು ಸುರಿಯುತ್ತಿತ್ತು.

ಆರ್.ಟಿ. ನಗರದಲ್ಲಿ ನರ್ಸರಿ ಇಟ್ಟಿರುವ ದಸ್ತಗೀರ್ ಸಾಬರು ಪಕ್ಕದ ಮನೆಗೆ ಗಿಡ ತಂದಿದ್ದರು. "ಅಳ್ಬೇಡಮ್ಮ, ನಾಲ್ಕು ಕೊಂಬೆ ಎತ್ತಿಟ್ಕೊ. ನೆರಳಲ್ಲಿ ಹತ್ತು ದಿನ ಒಣಗ್ಲಿ, ಆಮೇಲೆ ನೆಡು. ನೀರು ಮಾತ್ರ ಕಮ್ಮಿ ಹಾಕು," ಎಂದರು.

ಅತ್ತೆ ಒಪ್ಪಲಿಲ್ಲ. "ಅದು ಗೋರಿ ತಾವ ಇರೋ ಮರ. ಬಾಗ್ಲಲ್ಲಿ ಇದ್ದಿದ್ದಕ್ಕೇ ಇಂಗಾಯ್ತು. ಓಯ್ತಲ್ಲ, ಬಿಟ್ಬಿಡು," ಎಂದರು. ಇವರು ಅಮ್ಮನಿಗೆ ಎದುರಾಡಲಿಲ್ಲ. ಸುಮ್ಮನೆ ಹೋಗಿ ಒಂದು ಚೀಲ ಮರಳು ತಂದು ತಾರಸಿಯಲ್ಲಿಟ್ಟರು.

ನೆಟ್ಟೆ. ಎಲ್ಲಿ ಸಾಯುತ್ತವೋ ಎಂಬ ಭಯಕ್ಕೆ ದಿನಕ್ಕೆರಡು ಸಲ ನೀರು ಹೊಯ್ದು ಎರಡನ್ನು ಕೊಳೆಸಿದೆ. ದಸ್ತಗೀರ್ ಸಾಬರು ಬಂದು ನೋಡಿ, "ಇನ್ನೆರಡನ್ನ ಅದ್ರ ಪಾಡಿಗೆ ಬಿಡಮ್ಮ," ಎಂದು ಗದರಿದರು. ಬಿಟ್ಟೆ. ಏಪ್ರಿಲ್‌ನಲ್ಲಿ ಎರಡೂ ಚಿಗುರಿದವು.

ಕಳೆದ ವಾರ ಒಂದು ಹೂ ಬಿಟ್ಟಿತು. ಬೆಳಿಗ್ಗೆ ತಾರಸಿಗೆ ಹೋದರೆ ಅತ್ತೆ ಸೆರಗಿನಲ್ಲಿ ಹೂ ಹಿಡಿದು ನಿಂತಿದ್ದರು. ನನ್ನ ಮುಖ ನೋಡದೆ, "ಮುನೇಶ್ವರಂಗೆ ಆಯ್ತದೆ," ಎಂದು ಕೆಳಗಿಳಿದರು. ಅಂದು ಅವರೇ ಕಾಫಿ ಮಾಡಿಕೊಟ್ಟರು.

ಸೋಮವಾರದಿಂದ ನಾನು ದಸ್ತಗೀರ್ ಸಾಬರ ನರ್ಸರಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಕೊಂಬೆ ಕತ್ತರಿಸಿ ಒಣಗಿಸುವುದು, ನೆಡುವುದು ನನ್ನ ಪಾಲಿಗೆ ಬಂದಿದೆ. ಸಂಜೆ ಬಸ್ಸಿನಲ್ಲಿ ಕೂತಾಗ ಕೈ ಮಣ್ಣಿನ ವಾಸನೆ ಹೊಡೆಯುತ್ತದೆ. ಹೊಟ್ಟೆ ಹಸಿಯುತ್ತದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಸರಳಾ

ಮರೆತಿದ್ದೆ: ಮರೆತಿರಲಿಲ್ಲ ಅಕ್ಕ, ಬರೆಯಲು ಧೈರ್ಯ ಸಾಲಲಿಲ್ಲ. ಆಸ್ಪತ್ರೆಯಲ್ಲಿ ನೀನು, "ಹೆಣ್ಣೇ ತಾನೆ, ಬಿಡು, ಇನ್ನೊಂದಾಗುತ್ತೆ," ಎಂದೆ. ಸಮಾಧಾನಕ್ಕೇ ಹೇಳಿದೆ, ಗೊತ್ತು. ಆದರೆ ಬಟ್ಟೆ ಸುತ್ತುವ ಮೊದಲು ನಾನು ಅವಳ ಮುಖ ನೋಡಿದ್ದೆ. ಮನಸ್ಸಿನಲ್ಲೇ ನಮ್ಮ ಅಮ್ಮನ ಹೆಸರಿಟ್ಟಿದ್ದೆ, ಲಕ್ಕಮ್ಮ ಅಂತ. ಯಾರಿಗೂ ಹೇಳಿಲ್ಲ. ಭಾನುವಾರ ಬಾ. ಬಂದಾಗ ಒಂದೇ ಒಂದು ಸಲ ಅವಳ ಬಗ್ಗೆ ಹೆಸರು ಹಿಡಿದು ಕೇಳು.