ಏಳನೇ ಹಾಸಿಗೆಯ ಹಳೇ ಪ್ರತಿ

ಮನೆ, ಕಿಟಕಿ ಪಕ್ಕದ ಮೇಜು
ಹತ್ತೊಂಬತ್ತನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಚಿಕ್ಕಮ್ಮನ ಮನೆಯಲ್ಲಿ ಅವರ ಗೊರಕೆಯ ನಡುವೆ ನಿದ್ದೆಯಾದರೂ ಬರುತ್ತಿದೆಯೇ? ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ತೆರೆಯುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮುಂಚೆ ಒಮ್ಮೆ ಕಣ್ಣಾಡಿಸುತ್ತೀಯ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನನ್ನ ಊಟದ ಚಿಂತೆ ಬೇಡ, ಏನೋ ಒಂದು ತಿನ್ನುತ್ತೇನೆ. ನಿನ್ನ ನರ್ಸ್ ಸಮವಸ್ತ್ರ ಇನ್ನೂ ಹಗ್ಗದ ಮೇಲೇ ಇದೆ. ತೆಗೆದು ಮಡಚಲು ಕೈ ಬರುತ್ತಿಲ್ಲ.

ಏಳನೇ ಹಾಸಿಗೆಯ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರ ರಕ್ತ ತೆಳುವಾಗಿಸುವ ಇಂಜೆಕ್ಷನ್ನನ್ನು ಡಾಕ್ಟರು ಬೆಳಿಗ್ಗೆ ಹನ್ನೊಂದು ಗಂಟೆಗೇ ನಿಲ್ಲಿಸಿದ್ದರು. ನೀನು ಹನ್ನೆರಡಕ್ಕೆ ಕೊಟ್ಟೆ. ರಕ್ತಸ್ರಾವ ನಿಲ್ಲದೆ ಮೂರನೇ ದಿನ ಅವರು ಹೋಗಿಬಿಟ್ಟರು. ವಿಚಾರಣೆಯ ದಿನ ಆಸ್ಪತ್ರೆಯ ಮುಖ್ಯ ಕಂಪ್ಯೂಟರಾದ ಸರ್ವರ್‌ನಲ್ಲಿ ‘ನಿಲ್ಲಿಸಲಾಗಿದೆ’ ಎಂದೇ ಇರುವುದನ್ನು ತೋರಿಸಿದಾಗ ಎಲ್ಲರೂ ನಿನ್ನತ್ತ ತಿರುಗಿದರು, ನೀನೂ ನಂಬಿಬಿಟ್ಟೆ. ‘ನಾನೇ ಸರಿಯಾಗಿ ಓದಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅಕ್ಕಾ, ನೀನು ಸರಿಯಾಗಿಯೇ ಓದಿದ್ದೆ. ನಿನ್ನ ಟ್ಯಾಬ್ ತೋರಿಸಿದ್ದೇ ತಪ್ಪು. ಆ ಪರದೆಯ ಪ್ರೋಗ್ರಾಮ್ ಬರೆದವಳು ನಾನು.

ನನ್ನ ಕೆಲಸದ ಮಾತು ಬಂದರೆ ನೀನು ಆಕಳಿಸುತ್ತೀಯ, ಇವತ್ತೊಂದು ದಿನ ತಡೆದುಕೋ. ಪ್ರತಿ ಸಲ ಸರ್ವರನ್ನೇ ಕೇಳಿದರೆ ತಡವಾಗುತ್ತದೆ ಎಂದು ರೋಗಿಗಳ ವಿವರದ ಪ್ರತಿಯನ್ನು ನಾವು ಟ್ಯಾಬ್‌ನಲ್ಲೇ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಕ್ಯಾಶ್ ಎನ್ನುತ್ತೇವೆ. ಒಬ್ಬ ರೋಗಿಯ ವಿವರ ಒಂದೇ ಕಡೆ ಇರಬೇಕು. ವಾರ್ಡಿನ ಪಟ್ಟಿ, ಔಷಧಿಯ ಪಟ್ಟಿ ಎಲ್ಲವೂ ಅವರ ನಂಬರನ್ನಷ್ಟೇ ಹಿಡಿದು ಅಲ್ಲಿಂದಲೇ ಓದಬೇಕು. ನಾನು ಅವಸರದಲ್ಲಿ ಮೇಷ್ಟ್ರ ವಿವರವನ್ನು ಎರಡು ಕಡೆ ಪೂರ್ತಿ ನಕಲು ಮಾಡಿಟ್ಟಿದ್ದೆ. ಡಾಕ್ಟರು ನಿಲ್ಲಿಸಿದ್ದು ಅವರ ಸ್ವಂತ ಪುಟಕ್ಕೆ ಮುಟ್ಟಿತು, ‘ಈಗ ಕೊಡಬೇಕಾದ ಔಷಧಿ’ಯ ಪಟ್ಟಿಗೆ ಮುಟ್ಟಲಿಲ್ಲ. ನೀನು ನೋಡಿದ್ದು ಆ ಪಟ್ಟಿಯನ್ನು. ಒಮ್ಮೆ ಮುಚ್ಚಿ ತೆರೆದಿದ್ದರೆ ಹೊಸದು ಬರುತ್ತಿತ್ತು. ಇಪ್ಪತ್ತೆರಡು ರೋಗಿಗಳಿಗೆ ನೀನೊಬ್ಬಳೇ ಇದ್ದ ದಿನ ಮುಚ್ಚಿ ತೆರೆಯಲು ಪುರುಸೊತ್ತೆಲ್ಲಿತ್ತು? ನೀನು ಹಿಂದೆಯೇ ಹೇಳಿದ್ದೆ, “ಏಯ್, ನಿನ್ನ ಟ್ಯಾಬ್ ಹಳೇದನ್ನೇ ತೋರಿಸ್ತಿದೆ ಕಣೇ” ಎಂದು. “ನಿಂಗೆ ಬಳಸೋಕೆ ಬರಲ್ಲ ಬಿಡು” ಎಂದು ನಾನು ನಕ್ಕಿದ್ದೆ. ಪ್ರೋಗ್ರಾಮಿನಲ್ಲಿ ನಕಲು ಮಾಡುವ ಆ ಸಾಲಿನ ಪಕ್ಕದಲ್ಲೇ ‘ಆಮೇಲೆ ಸರಿ ಮಾಡಬೇಕು’ ಎಂದು ಬರೆದುಕೊಂಡು ಹನ್ನೊಂದು ತಿಂಗಳಾಗಿತ್ತು. ಸರಿ ಮಾಡಲು ಹಿಡಿದದ್ದು ನಾಲ್ಕು ಗಂಟೆ ಅಕ್ಕಾ, ಬರೀ ನಾಲ್ಕು ಗಂಟೆ.

ಇವತ್ತು ಬೆಳಿಗ್ಗೆ ನಿಮ್ಮ ಆಸ್ಪತ್ರೆಗೆ ಹೋಗಿ ವಿಚಾರಣೆ ನಡೆಸಿದ ಮೇಡಂ ಮುಂದೆ ಇನ್ನೂ ಸರಿ ಮಾಡದ ಹಳೇ ಟ್ಯಾಬ್ ಇಟ್ಟು, ಅದೇ ರೀತಿ ಒಂದು ಔಷಧಿ ನಿಲ್ಲಿಸಿ ತೋರಿಸಿದೆ. ನಿಲ್ಲಿಸಿದ ಔಷಧಿ ಪಟ್ಟಿಯಲ್ಲಿ ಹಾಗೇ ಕೂತಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅಕ್ಕನ್ನ ಉಳಿಸೋಕೆ ಬಂದಿದ್ದೀರಿ, ಅರ್ಥ ಆಗುತ್ತೆ. ಆದ್ರೆ ಅವ್ರೇ ಒಪ್ಕೊಂಡಿದ್ದಾರಲ್ಲಮ್ಮ” ಎಂದರು. ನಾನು ಬರೆದುಕೊಟ್ಟ ಹೇಳಿಕೆಯನ್ನು ತೆಗೆದುಕೊಂಡರು. ನೀನು ನಿನ್ನದನ್ನು ಹಿಂತೆಗೆದುಕೊಳ್ಳದೆ ಫೈಲ್ ಮತ್ತೆ ತೆರೆಯುವುದಿಲ್ಲವಂತೆ. ತೆರೆದರೂ ಮೇಷ್ಟ್ರು ಬರುವುದಿಲ್ಲ. ಅವರ ಹೆಸರು ಕಂಡ ಕೂಡಲೇ ಪರದೆ ಮುಚ್ಚಿಬಿಡುತ್ತೇನೆ, ಆಫೀಸಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಮೊಂಡಿ

ಲಕೋಟೆ ಅಂಟಿಸುವ ಮುಂಚೆ: ಎಲ್ಲ ಬರೆದೆ, ಇದನ್ನು ಬಿಟ್ಟು. ತಪ್ಪು ನನ್ನ ಪ್ರೋಗ್ರಾಮಿನದೆಂದು ನನಗೆ ಗೊತ್ತಾಗಿದ್ದು ಶನಿವಾರ. ನೀನು ಸಹಿ ಹಾಕಿದ್ದು ಸೋಮವಾರ. ನಡುವಿನ ಭಾನುವಾರ ನೀನು ಅಡುಗೆಮನೆಯ ನೆಲದ ಮೇಲೆ ಕೂತು, “ನಂಗೆ ಕಣ್ಣೇ ಕಾಣಿಸ್ತಿಲ್ವೇನೇ?” ಎಂದು ಅತ್ತಾಗ ನಾನು ನಿನ್ನ ತಲೆ ಸವರುತ್ತಾ ಕೂತೆ, ಬಾಯಿ ಬಿಡಲಿಲ್ಲ. ಹೆದರಿದ್ದೆ. ಹೇಳಿಕೆ ಹಿಂತೆಗೆದುಕೊಳ್ಳುವಾಗ ಅದನ್ನೂ ಬರೆ ಅಕ್ಕಾ. ನನ್ನನ್ನು ಉಳಿಸಬೇಡ.