ಕೋಟಿನ ಒಳಗಿನ ಹೆಸರು

ಸೇಂಟ್ ಒಸಿತ್ ಕಾಲೇಜು,
ಮಂಗಳವಾರ, ೧೭ ನವೆಂಬರ್ ೧೯೮೧

ನನ್ನ ಅಮ್ಮನಿಗೆ,

ಎಲ್ಲಕ್ಕಿಂತ ಮೊದಲು ಒಂದು ಮಾತು. ನಾನು ಚೆನ್ನಾಗಿದ್ದೇನೆ. ನನಗೆ ಮಂಗನಬಾವು ಬಂದಿಲ್ಲ, ಕಾಲೇಜಿನಲ್ಲಿ ಯಾರಿಗೂ ಬಂದಿಲ್ಲ. ಹೋದ ವಾರ ಹಾಗೆ ಬರೆದು, ಈ ಶನಿವಾರ ಬರಬೇಡ ಅಂದಿದ್ದೆನಲ್ಲ, ಅದು ಸುಳ್ಳು. ನೀನು ಮರುಟಪಾಲಿನಲ್ಲೇ ಕತ್ತಿಗೆ ಸುತ್ತಿಕೊಳ್ಳಲು ಉಣ್ಣೆಯ ಸ್ಕಾರ್ಫ್ ಕಳಿಸಿದೆ. ಅದನ್ನು ಬಿಚ್ಚಿದ ಮೇಲೆ ಮೂರು ಹಾಳೆ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು.

ಆ ಸ್ಕಾರ್ಫಿನ ಮೂಲೆಗೂ ಹೆಸರಿನ ಟೇಪು ಹೊಲಿದಿದ್ದೀಯಲ್ಲ! ಬಿಳಿ ಟೇಪು, ಕೆಂಪು ಅಕ್ಷರ, ಟಿ. ಓಗ್ಡೆನ್, ನಾಲ್ಕೂ ಮೂಲೆಗೆ ನಿನ್ನ ಆ ಜೋಡಿ ಅಡ್ಡಹೊಲಿಗೆ. ಶಾಲೆಯ ಬಟ್ಟೆಕೋಣೆಯಲ್ಲಿ ಮುನ್ನೂರು ಹುಡುಗಿಯರ ಕಾಲುಚೀಲ, ಲಂಗ, ಕೋಟುಗಳಿಗೆ ಹೊಲಿದೂ ಹೊಲಿದೂ ನಿನ್ನ ಕೈಗೆ ಬಿಡುವುದೇ ಗೊತ್ತಿಲ್ಲ. ನಾನು ಇಲ್ಲಿಗೆ ಬಂದ ಮೊದಲ ದಿನವೇ ಎಲ್ಲ ಬಟ್ಟೆಯಿಂದಲೂ ಟೇಪು ಕಿತ್ತೆ. ಕೋಟಿನದು ಮಾತ್ರ ಮರೆತಿತ್ತು. ಮುಂದಿನದೆಲ್ಲ ಆ ಮರೆವಿನಿಂದಲೇ ಆದದ್ದು.

ಮೂರನೇ ವಾರ ಪೆರೆಗ್ರಿನ್ ಎನ್ನುವವನ ಕೋಣೆಯಲ್ಲಿ ಪಾರ್ಟಿ. ನನ್ನನ್ನು ಯಾರೂ ಕರೆದಿರಲಿಲ್ಲ, ನಮ್ಮ ಮೆಟ್ಟಿಲಿನ ಕೋಣೆಗಳವರೆಲ್ಲ ಹೋಗುತ್ತಿದ್ದರು ಅಂತ ಹೋಗಿ ಗೋಡೆಗೆ ಒರಗಿ ನಿಂತಿದ್ದೆ. ಕ್ಲೆಮೆನ್ಸಿ ಎಂಬ ಹುಡುಗಿ ಮಂಚದ ಮೇಲಿನ ಕೋಟುಗಳ ರಾಶಿಯಲ್ಲಿ ತನ್ನದನ್ನು ಹುಡುಕುತ್ತಾ ನನ್ನದನ್ನು ಎತ್ತಿದಳು. ಅವಳ ತಂದೆ ಈಗಿನ ಸರ್ಕಾರದಲ್ಲಿ ಮಂತ್ರಿ.

"ಅಯ್ಯೋ, ಟೇಪು! ನೀನೂ ಬೋರ್ಡಿಂಗ್ ಶಾಲೆ ಹುಡುಗೀನಾ? ಮೊದ್ಲೇ ಹೇಳ್ಬಾರ್ದಾ? ಯಾವುದೋ ಸರ್ಕಾರಿ ಶಾಲೆಯವಳು ಅನ್ಕೊಂಡು ಇಷ್ಟು ದಿನ ಮಾತೇ ಆಡಿಸ್ಲಿಲ್ವಲ್ಲ ನಾನು."

ಅವಳಲ್ಲಿ ಕೊಂಕಿರಲಿಲ್ಲ. ನಿಜವಾಗಿ ನೊಂದುಕೊಂಡೇ ಹೇಳಿದಳು. ನನ್ನ ಕೈ ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋಗಿ, ಬೆಂಕಿಯ ಮುಂದೆ ಕೂತಿದ್ದ ಏಳೆಂಟು ಜನಕ್ಕೆ "ಇವ್ಳು ನಮ್ಮವಳು ಕಣ್ರೋ" ಅಂದಳು. ಅವರು ಸರಿದು ಜಾಗ ಕೊಟ್ಟರು. ಅಷ್ಟೇ ಅಮ್ಮ. ನಾನು ಒಂದು ಮಾತೂ ಆಡಿರಲಿಲ್ಲ. ನೀನು ಹೊಲಿದ ಟೇಪು ನನ್ನ ಪರವಾಗಿ ಮಾತಾಡಿತ್ತು. ಆಮೇಲೆ ಅವರು ನನ್ನನ್ನು ಥೀಡಾ ಬದಲು ಥಿಯಾ ಅಂತ ಕರೆದರು. ಬೇಡ ಅನ್ನಲಿಲ್ಲ.

ಪೆರೆಗ್ರಿನ್ ಇಲ್ಲಿಯ ಚರ್ಚಾಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾನೆ. ಅಧ್ಯಕ್ಷನಾದವನು ಇಪ್ಪತ್ತು ವರ್ಷಕ್ಕೆ ಮಂತ್ರಿಯಾಗುತ್ತಾನೆ ಅನ್ನುವುದು ಇವರಿಗೆ ಬಸ್ಸಿನ ವೇಳಾಪಟ್ಟಿಯಷ್ಟೇ ಸಾಮಾನ್ಯ. ಟೋಸ್ಟ್ ಸುಡುತ್ತಾ ಖಾತೆ ಹಂಚಿಕೊಳ್ಳುತ್ತಾರೆ. "ಗೃಹಖಾತೆ ನಂಗೆ. ನಿಂಗೆ ಮೀನುಗಾರಿಕೆ ಸಾಕು, ನಿನ್ ಮುಖಕ್ಕೆ ಅದೇ ಸರಿ" ಅಂತ ರೇಗಿಸುತ್ತಾರೆ. ನಗು ಬರುತ್ತದೆ. ಆದರೆ ಕೇಳಿದರೆ ಊಟದ ಮೇಜಿನಲ್ಲಿ ಕುರ್ಚಿ ಹಂಚಿದ ಹಾಗೇ ಇರುತ್ತದೆ, ಯಾರು ಎಲ್ಲಿ ಅಂತ ಮನೆಯಲ್ಲಿ ಆಗಲೇ ತೀರ್ಮಾನವಾದ ಹಾಗೆ.

ವಾದದ ಅಭ್ಯಾಸಕ್ಕೆ ನಾಣ್ಯ ಹಾರಿಸುತ್ತಾರೆ. ಯಾವ ಪಕ್ಷ ಬಂದರೆ ಆ ಪಕ್ಷ. ಬಡ ಮಕ್ಕಳಿಗೆ ದೊಡ್ಡ ಶಾಲೆಗಳಲ್ಲಿ ಪುಕ್ಕಟೆ ಸೀಟು ಕೊಡಬೇಕೇ ಬೇಡವೇ ಎನ್ನುವ ವಿಷಯದಲ್ಲಿ ನನ್ನ ಪಾಲಿಗೆ 'ಬೇಡ' ಬಂತು. ನಾನು ಎದ್ದು ನಿಂತು, ಅಂಥ ಮಗು ಎರಡೂ ಕಡೆಗೆ ಸಲ್ಲದೆ ಹೋಗುತ್ತದೆ, ಅದಕ್ಕೆ ಒಳ್ಳೆಯದು ಮಾಡುವುದೆಂದರೆ ಅದನ್ನು ಅದರ ಜಾಗದಲ್ಲೇ ಬಿಡುವುದು ಅಂತ ಏಳು ನಿಮಿಷ ಮಾತಾಡಿದೆ. ಎಲ್ಲರೂ ಮೇಜು ಕುಟ್ಟಿದರು. ಪೆರೆಗ್ರಿನ್ ಆಗಲೇ ತನ್ನ ತಂಡದಲ್ಲಿ ನನ್ನನ್ನು ಕಾರ್ಯದರ್ಶಿ ಹುದ್ದೆಗೆ ನಿಲ್ಲಿಸುವುದಾಗಿ ಹೇಳಿದ. ನನಗೆ ತುಂಬ ಖುಷಿಯಾಯಿತು ಅಮ್ಮ, ಅದನ್ನು ಮುಚ್ಚಿಡುವುದಿಲ್ಲ. ಈಗಲೂ ಆ ಮೇಜಿನ ಸದ್ದು ನೆನೆದರೆ ಖುಷಿಯಾಗುತ್ತದೆ.

ಈಗ ಕಷ್ಟದ ಭಾಗ. ಕ್ಲೆಮೆನ್ಸಿಯ ತಂಗಿ ಪಿಪ್ಪಾ ಈ ವರ್ಷ ನಮ್ಮ ಶಾಲೆಗೇ ಸೇರಿದ್ದಾಳೆ. ನಿನಗೆ ಗೊತ್ತಿರಬೇಕು, ಮುಂದಿನ ಹಲ್ಲಿಗೆ ತಂತಿ ಹಾಕಿದ ಪುಟ್ಟ ಹುಡುಗಿ. ಅವಳ ಕಾಗದವನ್ನು ಕ್ಲೆಮೆನ್ಸಿ ಎಲ್ಲರೆದುರು ಓದಿದಳು. ಇಲ್ಲಿ ಬಟ್ಟೆಕೋಣೆಯ ಮಿಸೆಸ್ ಓಗ್ಡೆನ್ ಒಬ್ಬರೇ ಮನುಷ್ಯರು, ಅತ್ತರೆ ಬಿಸಿನೀರಿನ ಬಾಟಲಿ ಕೊಟ್ಟು ಯಾರಿಗೂ ಹೇಳುವುದಿಲ್ಲ ಅಂತ ಬರೆದಿದ್ದಳು.

"ಥಿಯಾ, ನಿನ್ ಹೆಸ್ರೇ! ನೀನಿದ್ದಾಗ್ಲೂ ಇದ್ರಾ ಅವ್ರು?"

"ಇದ್ರು ಅನ್ಸತ್ತೆ" ಅಂದೆ. "ಬಟ್ಟೆಕೋಣೆಯವರನ್ನ ಯಾರು ನೆನಪಿಟ್ಕೋತಾರೆ? ಉತ್ತರದ ಕಡೆ ಓಗ್ಡೆನ್‌ಗಳಿಗೇನು ಬರಾನಾ?"

ಎಲ್ಲರೂ ನಕ್ಕರು. ಅದೇ ಮಧ್ಯಾಹ್ನ ನಿನಗೆ ಮಂಗನಬಾವಿನ ಕಾಗದ ಬರೆದೆ. ಯಾಕೆಂದರೆ ಶನಿವಾರವೇ ಪೆರೆಗ್ರಿನ್ನನ ಕೋಣೆಯಲ್ಲಿ ಎಲ್ಲರ ಅಪ್ಪ ಅಮ್ಮಂದಿರಿಗೆ ಊಟ.

ಶಾಲೆಯಲ್ಲಿ ಏಳು ವರ್ಷ ನಿನ್ನನ್ನು ಮಿಸೆಸ್ ಓಗ್ಡೆನ್ ಎಂದೇ ಕರೆದೆ. ಫೀಸಿಲ್ಲದ ನನ್ನ ಸೀಟಿಗೆ ಹೆಡ್‌ಮಿಸ್ಟ್ರೆಸ್ ಹಾಕಿದ ಶರತ್ತು ಅದು. ಗೊತ್ತಿದ್ದವರೂ ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ಭಾನುವಾರ ಟೀ ಆದ ಮೇಲೆ ಅರ್ಧ ಗಂಟೆ, ಇಸ್ತ್ರಿಯ ಬಿಸಿಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಮಾತ್ರ ನೀನು ಅಮ್ಮ. ಆದರೆ ಅಲ್ಲಿ ಅದು ನಿಯಮ. ಇಲ್ಲಿ ನನಗೆ ಯಾರೂ ಯಾವ ನಿಯಮವನ್ನೂ ಹಾಕಿರಲಿಲ್ಲ.

ನಮ್ಮ ಮೆಟ್ಟಿಲಿನ ಕೋಣೆಗಳನ್ನು ಗುಡಿಸುವ ಡೋರೀನ್ ಬಗ್ಗೆ ಬರೆದಿಲ್ಲ, ಅಲ್ಲವೇ? ಇಪ್ಪತ್ತೆಂಟು ವರ್ಷದಿಂದ ಇಲ್ಲಿದ್ದಾಳೆ. ಶುಕ್ರವಾರ ನಾನು ಕೊಳೆಯಾದ ಹಾಸಿಗೆಬಟ್ಟೆ ಮಡಚಿ, ದಿಂಬಿನ ಚೀಲಗಳನ್ನು ಅದರೊಳಗೆ ಸೇರಿಸಿ ಬಾಗಿಲಲ್ಲಿಟ್ಟಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈ ಮೆಟ್ಟಿಲಲ್ಲಿ ಇಬ್ಬರು ಮಂತ್ರಿಗಳ ಹಾಸಿಗೆ ತೆಗ್ದಿದೀನಿ. ನೆಲಕ್ಕೆ ಒಗೀತಿದ್ರು, ಅಷ್ಟೇ. ಲೆಕ್ಕ ಮಾಡೋರ ಕೈಗೆ ಸುಲಭ ಆಗ್ಲಿ ಅಂತ ಹಿಂಗೆ ಮಡಚೋಳು ನೀನೊಬ್ಬಳೇ. ಯಾರ ಮಗಳೇ ನೀನು?"

ಹೇಳಿದೆ. ಎರಡು ತಿಂಗಳಲ್ಲಿ ಮೊದಲ ಸಲ ಹೇಳಿದ್ದು ಅವಳಿಗೆ.

"ಹಂಗನ್ನು ಮತ್ತೆ. ಆ ಮಂಚದ ಕೆಳಗಿನ ಡಬ್ಬಿ ಅವಳ್ದೇನಾ? ಏನೋ ಸತ್ತಿದೆ ಅಂತ ಎರಡು ಸಲ ಹುಡುಕ್ದೆ ನಾನು."

ನಿನ್ನ ಒಣಸೀಗಡಿ ಚಟ್ನಿ ಅಮ್ಮ. ಟೋಸ್ಟಿಗೆ ಹಚ್ಚಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನೊಂದು ತುಂಡು ಕೇಳಿದಳು.

ಡೋರೀನ್‌ಗೆ ಹೇಳಿದ ಧೈರ್ಯದಲ್ಲೇ ಭಾನುವಾರ ಪೆರೆಗ್ರಿನ್ ಮತ್ತು ಕ್ಲೆಮೆನ್ಸಿಗೂ ಎಲ್ಲ ಹೇಳಿಬಿಟ್ಟೆ, ನೀನು ಬಟ್ಟೆಕೋಣೆಯವಳು, ಬರ್ಮಾದಿಂದ ಬಂದವಳು ಅಂತ. ನನ್ನನ್ನು ಹೊರಗೆ ಹಾಕುತ್ತಾರೆ ಅಂತ ಕೋಟು ಹಾಕಿಕೊಂಡೇ ಹೋಗಿದ್ದೆ. ಕ್ಲೆಮೆನ್ಸಿ ತಬ್ಬಿಕೊಂಡಳು, ಅವಳ ಕಣ್ಣು ಒದ್ದೆಯಾಗಿತ್ತು. ಪೆರೆಗ್ರಿನ್ ಕುರ್ಚಿಯಿಂದ ನೆಗೆದೇಬಿಟ್ಟ.

"ಇಷ್ಟು ದಿನ ಬಾಯ್ ಮುಚ್ಕೊಂಡು ಕೂತಿದ್ಯಲ್ಲೇ, ಕತ್ತೆ! ಇನ್ನೂರು ಓಟು ಕಣೇ ಇದು! ಉತ್ತರದವರು, ಎಡದವರು, ನಮ್ಮ ಮುಖ ಕಂಡ್ರೆ ಆಗದವರೆಲ್ಲ ಬರ್ತಾರೆ. ಅಮ್ಮನ್ನ ಶನಿವಾರ ಕರ್ಕೊಂಡ್ ಬಾ. ಕೋಟು ಸ್ಕರ್ಟು ಬೇಡ, ಬರ್ಮಾದ ಹೆಂಗಸರು ಉಡೋ ರೇಷ್ಮೆ ಲುಂಗಿ ಇರತ್ತಲ್ಲ, ಅದು ಉಟ್ಕೊಳ್ಲಿ. ಕ್ಲೆಮೆನ್ಸಿ ಅಪ್ಪನ ಪಕ್ಕ ನಿಲ್ಸಿ ಒಂದು ಫೋಟೋ. ಕೈಯಲ್ಲಿ ಸೂಜಿ ದಾರ ಇದ್ರೆ ಇನ್ನೂ ಚೆನ್ನ."

ಅವನು ಕೆಟ್ಟವನಲ್ಲ ಅಮ್ಮ. ನನ್ನನ್ನು ಉಳಿಸಿಕೊಳ್ಳುವುದಕ್ಕೇ ಹಾಗಂದ. ಅಪ್ಪ ಹೋದ ಮೇಲೆ ಆ ಲುಂಗಿಯನ್ನು ನೀನು ಹೊರಗೆ ತೆಗೆದದ್ದೇ ಇಲ್ಲ ಎಂಬುದು ಅವನಿಗೇನು ಗೊತ್ತು.

ಹೋದ ವಾರ ನಾನು ನಿನ್ನನ್ನು ಬಚ್ಚಿಟ್ಟೆ. ಈ ವಾರ ಅವರು ನಿನ್ನನ್ನು ತೋರಿಸಬೇಕು ಅನ್ನುತ್ತಿದ್ದಾರೆ. ಎರಡಕ್ಕೂ ನಿನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾಳೆಯೋ ನಾಡಿದ್ದೋ ದಪ್ಪ ಕೆನೆಬಣ್ಣದ ಕಾರ್ಡಿನಲ್ಲಿ ಅವನ ಆಹ್ವಾನ ನಿನಗೆ ಬರುತ್ತದೆ. ಆ ಊಟಕ್ಕೆ ಹೋಗಬೇಡ ಅಮ್ಮ. ಮತ್ತೆ ಬೇಡ ಅಂತಲೇ ಬರೆಯುತ್ತಿದ್ದೇನೆ, ನೋಡು. ಹೋದ ವಾರದ 'ಬೇಡ'ಕ್ಕೂ ಇದಕ್ಕೂ ಇರುವ ವ್ಯತ್ಯಾಸ ನಿನಗೆ ಹೇಗೆ ತಿಳಿಸಲಿ ಎಂದೇ ಮೂರು ಹಾಳೆ ಹಾಳಾದವು. ಆದರೆ ಈ ಊರಿಗೆ ಬಾ. ಹತ್ತೂ ನಲವತ್ತರ ರೈಲಿಗೆ ಬಾ. ನಿನಗೆ ಇಷ್ಟವಾದದ್ದು ಉಟ್ಟುಕೊಂಡು ಬಾ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಮ್ಮಾ ಅಂತ ಕೂಗುತ್ತೇನೆ, ಯಾರು ತಿರುಗಿ ನೋಡಿದರೂ ಸರಿ. ಮಧ್ಯಾಹ್ನ ನನ್ನ ಕೋಣೆಯಲ್ಲೇ ಅನ್ನ ಮಾಡೋಣ. ಡೋರೀನ್ ತನ್ನ ಸ್ಟೌ ಕೊಡುತ್ತಾಳಂತೆ, ಚಟ್ನಿ ತರಬೇಕಂತೆ.

ಇಷ್ಟೆಲ್ಲ ಓದಿಯೂ ಆ ಊಟಕ್ಕೆ ಹೋಗಬೇಕು ಅಂತ ನಿನಗೇ ಅನ್ನಿಸಿದರೆ ನಾನೂ ಜೊತೆಗೆ ಬರುತ್ತೇನೆ. ಆಗ ಫೋಟೋ ಬೇಡ ಅಂತ ನೀನೇ ಹೇಳು. ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್‌ಗೆ ಸೋಪು ಸಾಲದು ಅಂತ ಹೇಳುತ್ತಿದ್ದೆಯಲ್ಲ, ಆ ದನಿಯಲ್ಲಿ.

ತಂಡದಿಂದ ನನ್ನ ಹೆಸರು ತೆಗೆಯಲು ಪೆರೆಗ್ರಿನ್‌ಗೆ ಹೇಳಿಯಾಗಿದೆ. ಅದರ ಚಿಂತೆ ಬೇಡ.

ಪಿಪ್ಪಾ ಅತ್ತರೆ ನನ್ನ ಹಳೆಯ ಬಾಟಲಿ ಕೊಡು, ಅದು ಬೇಗ ಆರುವುದಿಲ್ಲ.

ನಿನ್ನ ಮಗಳು,
ಥೀಡಾ

ಮರೆತದ್ದು: ಹೆಸರು ತೆಗೆಯಲು ಹೇಳಿಯಾಗಿದೆ ಅಂತ ಮೇಲೆ ಬರೆದದ್ದು ನಿಜವಲ್ಲ. ಇನ್ನೂ ಹೇಳಿಲ್ಲ. ಎರಡು ಸಲ ಅವನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಬೇರೆ ಹಾಳೆಯಲ್ಲಿ ಬರೆಯಬಹುದಿತ್ತು, ಆದರೆ ಈ ಹಾಳೆ ಹರಿಯುವುದಿಲ್ಲ. ಐದು ಗಂಟೆಗೆ ಟಪಾಲು ತೆಗೆಯುತ್ತಾರೆ, ಡಬ್ಬಿ ಇರುವುದು ಅವನ ಮೆಟ್ಟಿಲ ಬುಡದಲ್ಲೇ. ಮೊದಲು ಇದನ್ನು ಹಾಕುತ್ತೇನೆ. ಹಾಕಿದ ಮೇಲೆ ಅವನ ಮೆಟ್ಟಿಲು ಹತ್ತಲೇಬೇಕಾಗುತ್ತದೆ.