ಗೇಟಿನ ಲೈಟು, ನನ್ನ ರೂಮಿನ ಸ್ವಿಚ್ಚು

ಜೂನ್ 9, ಸೋಮವಾರ. ಬೆಳಗ್ಗೆ 6.10

ನಿದ್ದೆ ಒಟ್ಟು ಎರಡೂವರೆ ಗಂಟೆ. ಪಾಪು ಮೂರು ಸಲ ಎದ್ದಳು. ಈಗ ಮಲಗಿದ್ದಾಳೆ, ನನಗೆ ಬರುತ್ತಿಲ್ಲ. ಏಳು ತಿಂಗಳಾಯಿತು, ಇದೇ ಲೆಕ್ಕ.

ಇವತ್ತು ಎಲೆಕ್ಟ್ರಿಷಿಯನ್ ಜಹೀರ್ ಭಾಯ್ ಬರುತ್ತಾರೆ. ಬೀದಿ ಕಂಬದ ಲೈಟ್ ಕೆಟ್ಟು ಕೂತಿದೆ, ಗೇಟಿನ ಕಬ್ಬಿಣದ ಕಮಾನಿಗೆ ಒಂದು ಲೈಟ್ ಬೇಕಂತೆ. ಹೊಸ ಲೈನ್ ಎಳೆಯಬೇಕಾದರೆ ಗೋಡೆ ಕೊರೆಯಬೇಕು. ಹೊಸ ಪೇಂಟು, ಅತ್ತೆ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ನಮ್ಮ ರೂಮಿನ ಜೀರೋ ಬಲ್ಬ್ ಕಿತ್ತು, ಅದರ ಸ್ವಿಚ್ಚನ್ನೇ ಗೇಟಿನ ಲೈಟಿಗೆ ಕೊಡುವುದೆಂದು ತೀರ್ಮಾನ. ನನ್ನನ್ನು ಯಾರೂ ಕೇಳಲಿಲ್ಲ. ಆ ಬಲ್ಬಿನ ಬೆಳಕಿನಲ್ಲೇ ಪಾಪುವಿಗೆ ಹಾಲು ಕೊಡುವುದು. ಟ್ಯೂಬ್‌ಲೈಟ್ ಹಾಕಿದರೆ ಪೂರ್ತಿ ಎಚ್ಚರ.

ಸುಬ್ರಮಣಿಗೆ ಹೇಳಿದೆ. ಗಂಡ ಅನ್ನಿಸಿಕೊಂಡವರು ಫೋನಿನಿಂದ ತಲೆ ಎತ್ತದೆ, "ಇಂದೂ, ಮೊಬೈಲ್ ಟಾರ್ಚ್ ಇದ್ಯಲ್ಲ" ಎಂದರು.

ಸಂಜೆ 5

ಮುಗಿಯಿತು. ಧೂಳೆಂದು ನನ್ನನ್ನೂ ಪಾಪುವನ್ನೂ ಹಾಲ್‌ನಲ್ಲಿ ಕೂರಿಸಿದ್ದರು. ಬಾಗಿಲ ಸಂದಿಯಲ್ಲಿ ಕಂಡಿದ್ದು — ಎರಡೂ ಕಪ್ಪು ವೈರು. ಯಾವುದು ಕರೆಂಟ್ ತರುವ ಫೇಸ್, ಯಾವುದು ವಾಪಸ್ ಹೋಗುವ ನ್ಯೂಟ್ರಲ್? ಕೇಳೋಣವೆಂದರೆ ಪಾಪು ಕಿರುಚಿದಳು.

ಜೂನ್ 10, ಮಂಗಳವಾರ

ಐದೂವರೆಗೆ ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ. ಸ್ವಿಚ್ಚು ಇಲ್ಲಿದೆಯಲ್ಲ, ಇನ್ನು ದಿನಾ ಬರುತ್ತಾರೆ, ಸಂಜೆ ಹಾಕಲು, ಬೆಳಗ್ಗೆ ತೆಗೆಯಲು. ಪಾಪು ಮಿಸುಕಿದಳು. ಅವಸರದಲ್ಲಿ ಅಂದೆ, "ಅತ್ತೆ, ನಾನೇ ಆರಿಸ್ತೀನಿ ಬಿಡಿ."

"ಮುತ್ತೈದೆ ಬಾಯಲ್ಲಿ ಆರ್ಸೋ ಮಾತು ಬರ್ಬಾರ್ದು ಕಣಮ್ಮ. ದೊಡ್ಡದ್ ಮಾಡ್ತೀನಿ ಅನ್ನು."

ದೇವರ ಮುಂದಿನ ದೀಪ ಆರಿಸುವುದಕ್ಕೆ ಅಮ್ಮನೂ ಹಾಗೇ ಅನ್ನುತ್ತಿದ್ದಳು. ಎಲ್‌ಇಡಿಗೂ ಆ ಶಾಸ್ತ್ರ ಇದೆಯೆಂದು ಗೊತ್ತಿರಲಿಲ್ಲ.

ಅತ್ತೆ ಸ್ವಿಚ್ ಆಫ್ ಮಾಡಿ ಹೋದರು. ಕಿಟಕಿಯಿಂದ ನೋಡಿದೆ. ಲೈಟ್ ಆಫ್ ಆಗಿದೆ, ಆದರೂ ಮಿಣಮಿಣ... ಪೂರ್ತಿ ಆರಿಲ್ಲ. ಫೇಸ್ ನೇರವಾಗಿ ಹೊರಗೆ ಹೋಗಿದೆ. ಸ್ವಿಚ್ ಇರುವುದು ನ್ಯೂಟ್ರಲ್‌ನಲ್ಲಿ. ಅಂದರೆ ಆಫ್ ಮಾಡಿದರೂ ಆ ಕಬ್ಬಿಣದ ಕಮಾನಿನ ಮೇಲಿನ ವೈರಿನಲ್ಲಿ ಕರೆಂಟ್ ಕೂತೇ ಇರುತ್ತದೆ. ಅರ್ತಿಂಗ್ ಕೂಡ ಕೊಟ್ಟಿಲ್ಲ.

ಬಿ.ಇ. ಎಲೆಕ್ಟ್ರಿಕಲ್, ಫಸ್ಟ್ ಕ್ಲಾಸ್. ಇಷ್ಟು ತಿಳಿಯದಿದ್ದರೆ ನಾಚಿಕೆಗೇಡು.

ಜೂನ್ 12, ಗುರುವಾರ

ಸುಬ್ರಮಣಿಯನ್ನು ಗೇಟಿಗೆ ಕರೆದುಕೊಂಡು ಹೋದೆ. ಸ್ವಿಚ್ ಆಫ್. ಸ್ಟೂಲ್ ಹತ್ತಿ ಲೈಟಿನ ವೈರಿಗೆ ಟೆಸ್ಟರ್ ಇಟ್ಟೆ. ಟೆಸ್ಟರ್ ಕೆಂಪಗೆ ಉರಿಯಿತು.

"ನೋಡಿ!"

"ಏನ್ ನೋಡೋದು? ಕರೆಂಟ್ ಲೈಟಲ್ವಾ, ಕರೆಂಟ್ ಇರ್ದೆ ಇನ್ನೇನ್ ಇರುತ್ತೆ?"

"ಆಫ್ ಮಾಡಿದ್ದೀನಿ ರೀ."

"ಇಳಿ ಕೆಳಗೆ. ಪಕ್ಕದ್ಮನೆಯೋರು ನೋಡ್ತಿದಾರೆ."

ನೋಡುತ್ತಿದ್ದುದು ಗೋಪಾಲಮ್ಮ. ಅವರಿಗೆ ಅತ್ತೆ ಆಗಲೇ ಹೇಳಿಬಿಟ್ಟಿದ್ದಾರೆ — ಇದು ಆರದ ದೀಪ, ಜಹೀರು ಕೈಗುಣ, ಹಗಲೂ ನಂದಾದೀಪದ ಹಾಗೆ ಉರೀತದೆ. ಗೋಪಾಲಮ್ಮ ಕಾಂಪೌಂಡಿನ ಆಚೆಯಿಂದ ಕೈ ಮುಗಿದರು. ವೈರಿಂಗ್ ತಪ್ಪಿಗೆ ನಮಸ್ಕಾರ. ನಾಲ್ಕು ವರ್ಷ ಕಾಲೇಜಿನಲ್ಲಿ ಇದನ್ನು ಹೇಳಿಕೊಡಲಿಲ್ಲ.

ಜೂನ್ 15, ಭಾನುವಾರ

ರಾತ್ರಿಯಿಡೀ ಮಳೆ. ಹೊರಗೆ ಹೋಗುವ ವೈರು ಕಿಟಕಿ ಸರಳಿಗೆ ಉಜ್ಜಿಕೊಂಡಿದೆ, ಕಮಾನಿಗೆ ಬರೀ ತಂತಿ ಸುತ್ತಿ ಕಟ್ಟಿದ್ದಾರೆ. ಸಿಪ್ಪೆ ಸುಲಿದರೆ ಸಾಕು, ಇಡೀ ಗೇಟಿಗೆ ಕರೆಂಟ್. ಬೆಳಗ್ಗೆ ಅತ್ತೆ ಬರಿಗಾಲಲ್ಲಿ ನೀರು ಎರಚಿ ಗೇಟು ಉಜ್ಜುತ್ತಿದ್ದರು. ಓಡಿಹೋಗಿ ಕೈ ಹಿಡಿದು ಎಳೆದೆ. ಜೋರಾಗಿ ಎಳೆದೆನೇನೋ. ಬಕೆಟ್ ಉರುಳಿತು.

ಆಮೇಲೆ ಅವರು ಫೋನಿನಲ್ಲಿ ಪುಟ್ಟೇನಹಳ್ಳಿಯ ತಂಗಿಗೆ ಹೇಳಿದ್ದು ಅಡುಗೆಮನೆಗೂ ಕೇಳಿಸಿತು. "ಬಾಣಂತಿ ಸನ್ನಿ ಕಣೇ. ನಿದ್ದೆ ಇಲ್ಲ, ಕಣ್ಣು ಇಂಗೆ ಬಿಟ್ಕೊಂಡಿರ್ತಾಳೆ. ಮಗಾನ ನನ್ ರೂಮಲ್ಲೇ ಮಲಗಿಸ್ಕೊಳ್ಳೋದು ವಾಸಿ ಅನ್ನಿಸ್ತದೆ."

ಸನ್ನಿ. ನೀರು, ಕಬ್ಬಿಣ, ಫೇಸು ಅಂದರೆ ಸನ್ನಿ.

ಜೂನ್ 17, ಮಂಗಳವಾರ

ಎರಡು ದಿನ ಬೇಡಿಕೊಂಡ ಮೇಲೆ ಅತ್ತೆ ಒಪ್ಪಿದರು. ಲೈಟ್ ಬಿಚ್ಚಿಸಿಬಿಡುವುದು. ನನ್ನ ಮುಂದೆಯೇ ಫೋನ್ ಮಾಡಿದರು. "ಜಹೀರು, ಆ ಗೇಟಿನ ಲೈಟು ದೊಡ್ಡದ್ ಮಾಡ್ಕೊಟ್ಬಿಡಪ್ಪ. ನಮ್ ಸೊಸೆಗೆ ಭಯ."

ಒಂದು ವಾರದಲ್ಲಿ ಮೊದಲ ಸಲ ಉಸಿರು ಬಂತು. ಪಾಪುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಕೂತೆ. ಹೊರಗೆ ಡ್ರಿಲ್ ಸದ್ದು. ಬಿಚ್ಚುತ್ತಿದ್ದಾರೆ ಅಂದುಕೊಂಡೆ. ಅವಳಿಗೆ ಟವೆಲ್ ಸುತ್ತಿ ಎತ್ತಿಕೊಂಡು ಬಂದು ನೋಡಿದರೆ ಕಮಾನಿನ ಮೇಲೆ ಐವತ್ತು ವ್ಯಾಟಿನ ಫ್ಲಡ್‌ಲೈಟು!

ಜಹೀರ್ ಭಾಯ್ ಸ್ಕೂಟರ್ ಹತ್ತುತ್ತಿದ್ದರು. "ಅಮ್ಮ ದೊಡ್ಡದು ಮಾಡು ಅಂದ್ರು. ಕತ್ಲಂದ್ರೆ ಭಯ ಅಂತೆ ನಿಮ್ಗೆ. ಈಗ ನೋಡಿ ಅಕ್ಕಾ, ಸ್ಟೇಡಿಯಂ ಥರ!"

ಉರ್ದು ಮಾತಾಡುವ ಮನೆಯವರು. ನಮ್ಮ ಮನೆಯಲ್ಲಿ ದೊಡ್ಡದು ಮಾಡುವುದೆಂದರೆ ಆರಿಸುವುದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ವೈರು ಅದೇ. ತಪ್ಪು ಅದೇ. ಅತ್ತೆಗಂತೂ ಖುಷಿ — "ಓಗ್ಲಿ ಬಿಡು, ದೀಪಾನೇ ಓಗಲ್ಲ ಅಂತದೆ." ನಾನು ನಕ್ಕೆ. ನಿಲ್ಲಿಸಲಾಗಲಿಲ್ಲ. ನಗುತ್ತಾ ನಗುತ್ತಾ ಅಳುತ್ತಿದ್ದೆನಂತೆ. ಸುಬ್ರಮಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಜೂನ್ 22, ಭಾನುವಾರ. ಮಧ್ಯಾಹ್ನ 3.50

ಎಲ್ಲರೂ ಬಾಗಲಗುಂಟೆಗೆ ಹೋಗಿದ್ದಾರೆ, ಬೀಗರ ಗೃಹಪ್ರವೇಶ. ಪಾಪುವಿಗೆ ನೆಗಡಿ ಎಂದು ಉಳಿದುಕೊಂಡೆ.

ಮೇನ್ ಆಫ್ ಮಾಡಿದೆ. ಎರಡು ಸಲ ಚೆಕ್ ಮಾಡಿದೆ. ರೂಮಿನ ಬೋರ್ಡ್ ಬಿಚ್ಚಿದೆ. ಅಂದುಕೊಂಡ ಹಾಗೇ ಇತ್ತು. ಫೇಸ್ ತಂದು ಸ್ವಿಚ್ಚಿಗೆ ಕೊಟ್ಟೆ, ನ್ಯೂಟ್ರಲ್ ನೇರ ಮಾಡಿದೆ, ಎರಡಕ್ಕೂ ಟೇಪ್ ಸುತ್ತಿದೆ. ಕಿಟಕಿ ಸರಳಿನ ಹತ್ತಿರ ವೈರಿಗೆ ಪ್ಲಾಸ್ಟಿಕ್ ಪೈಪ್ ತೊಡಿಸಿದೆ. ಇಪ್ಪತ್ತೈದು ನಿಮಿಷ. ಮೇನ್ ಆನ್, ಸ್ವಿಚ್ ಆಫ್, ಗೇಟಿನ ಹತ್ತಿರ ಟೆಸ್ಟರ್ — ಕಪ್ಪಗಿದೆ. ಸತ್ತ ಹಾಗೆ ಕಪ್ಪಗಿದೆ. ಅಬ್ಬಾ.

ಚಾಪೆಯ ಮೇಲೆ ಪಾಪುವಿನ ಪಕ್ಕ ಮಲಗಿದೆ. ಎರಡು ಗಂಟೆ ನಿದ್ದೆ. ಕನಸಿಲ್ಲ.

ಜೂನ್ 23, ಸೋಮವಾರ

ಬೆಳಗ್ಗೆ ಅತ್ತೆ ಸ್ವಿಚ್ ತೆಗೆದು ಹೊರಗೆ ಹೋದರು. ಕೂಗು ಕೇಳಿಸಿತು. "ಅಯ್ಯೋ, ದೀಪ ಪೂರ್ತಾ ಓಯ್ತು!"

ನಾನೇ ಸರಿ ಮಾಡಿದೆ ಅಂದೆ. ಸುಳ್ಳು ಹೇಳಬಹುದಿತ್ತು. ಹೆಮ್ಮೆಯಿಂದ ಹೇಳಿದೆ, ಮುಠ್ಠಾಳಿ.

ಸುಬ್ರಮಣಿ ಒಂದೇ ಮಾತು ಕೇಳಿದರು. "ಬೋರ್ಡ್ ಬಿಚ್ದಾಗ ಪಾಪು ಎಲ್ಲಿದ್ಲು?"

"ಅಲ್ಲೇ, ಚಾಪೆ ಮೇಲೆ. ಮೇನ್ ಆಫ್ ಮಾಡಿದ್ದೆ..."

ಮೇನ್ ಅನ್ನುವ ಪದ ಯಾರಿಗೂ ಕೇಳಿಸಲಿಲ್ಲ. ಚಾಪೆ ಮಾತ್ರ ಕೇಳಿಸಿತು.

ಜೂನ್ 24, ಮಂಗಳವಾರ

ಜಹೀರ್ ಭಾಯ್ ಬಂದರು. ಬೋರ್ಡ್ ಬಿಚ್ಚಿದರು. ನಾನು ಸುತ್ತಿದ ಟೇಪನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅವರಿಗೆ ತಿಳಿಯಿತು. ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ ಅಂತ ಕಾದೆ. ಬಾಗಿಲಲ್ಲಿ ಗಂಡ, ಅತ್ತೆ ಇಬ್ಬರೂ ಇದ್ದರು.

"ಯಾರೋ ವೈರ್ ಕಿತ್ತಾಡ್ಬಿಟ್ಟವ್ರೆ ಸಾರ್. ನಾನು ಸರಿ ಮಾಡ್ತೀನಿ."

ಏನೂ ಮಾಡಲಿಲ್ಲ. ಸ್ಕ್ರೂ ಬಿಗಿದರು, ಅಷ್ಟೇ. ಅತ್ತೆಗೆ ಹಗಲು ದೀಪ ಬೇಕೆಂದು ಅವರ ರೂಮಿನ ಕಿಟಕಿಗೆ ಒಂದು ಪುಟ್ಟ ಎಲ್‌ಇಡಿ ಬೇರೆ ಹಾಕಿಕೊಟ್ಟರು. ಅತ್ತೆ ಕಾಫಿ ತರಲು ಹೋದಾಗ, ಸುಬ್ರಮಣಿ ಫೋನಿನಲ್ಲಿದ್ದಾಗ, ಬಗ್ಗಿ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾ ಮೆಲ್ಲಗೆ ಅಂದರು, "ತಪ್ಪು ನಂದೇ ಅಕ್ಕಾ. ಕೆಂಪಾಪುರದಲ್ಲಿ ಅರ್ಧ ಮನೆ ಕೆಲಸ ನಂದು, ಈ ತಪ್ಪು ಹೊರಗೆ ಬಿದ್ರೆ ಯಾರೂ ಕರೆಯಲ್ಲ. ನಿಮ್ ಕೈಕೆಲಸ ನೀಟಾಗಿದೆ, ಅದ್ನೇ ಬಿಟ್ಟಿದೀನಿ."

ಮನೆ ಈಗ ಸೇಫ್. ಸರಿ ಮಾಡಿದ್ದು ಜಹೀರ್. ಕಿತ್ತಿದ್ದು ನಾನು.

ಹೋಗುವಾಗ ಜಹೀರ್ ಭಾಯ್ ಭುಜವನ್ನು ಸುಬ್ರಮಣಿ ತಟ್ಟಿದರು.

ಜುಲೈ 3, ಗುರುವಾರ. ಮಧ್ಯಾಹ್ನ 2.40

ಬರೆಯದೆ ಒಂಬತ್ತು ದಿನ. ಈ ಡೈರಿಯನ್ನು ಈಗ ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತೇನೆ. ಟೆಸ್ಟರ್ ಬೀರುವಿನಲ್ಲಿ, ಬೀಗದ ಕೈ ಸುಬ್ರಮಣಿ ಹತ್ತಿರ.

ಸೋಮವಾರ ಡಾಕ್ಟರ್ ಹತ್ತಿರ ಹೋಗಿದ್ದು. ಆಕೆ ಒಳ್ಳೆಯವರು. ಬೋರ್ಡಿನ ಕಥೆ ಕೇಳಿದರು, ಪಕ್ಕದಲ್ಲಿ ಕೂತ ಗಂಡನ ಬಾಯಿಂದ. ನನಗೆ ಹೇಳಿದ್ದು ನಿದ್ದೆ ಮಾಡಿ, ರಾತ್ರಿ ಮಗುವನ್ನು ಯಾರಾದರೂ ನೋಡಿಕೊಳ್ಳಲಿ. ಒಂದು ಮಾತ್ರೆ ಬರೆದರು. ಹಾಲು ಕೊಡಬಹುದಾ ಅಂತ ಕೇಳಿದೆ. ಕೊಡಬಹುದು ಅಂದರು. ಮನೆಗೆ ಬರುವಷ್ಟರಲ್ಲಿ ಅದು ಕೊಡಬಾರದು ಆಯಿತು. ರಾತ್ರಿ ಅನ್ನುವುದು ಹಗಲೂ ಆಯಿತು.

ಪಾಪು ಮೂರು ದಿನದಿಂದ ಅತ್ತೆಯ ರೂಮಿನಲ್ಲಿ. ಬಾಟಲ್ ಹಾಲು. ಒಳಗಿನಿಂದ ಚಿಲಕ.

ಈಗ ಅಳುತ್ತಿದ್ದಾಳೆ. ಹಸಿವಿನ ಅಳು, ನನಗೆ ಗೊತ್ತು. ನೈಟಿ ಎದೆಯ ಹತ್ತಿರ ಒದ್ದೆ. ಹೋಗಿ ಬಾಗಿಲು ಬಡಿದರೆ, "ನೋಡಿದ್ಯಾ ಮಣಿ, ಇಂಗೇ ಆಡೋದು" ಅಂತ ಅತ್ತೆ ಮಗನಿಗೆ ಹೇಳ್ತಾರೆ. ಸುಮ್ಮನಿದ್ದರೆ, "ಎತ್ತ ತಾಯಿಗೇ ಬೇಡ" ಅಂತಾರೆ. ಎರಡು ಸಲ ಎದ್ದೆ. ಎರಡು ಸಲ ಕೂತೆ.

ಅಳು ಜೋರಾಗುತ್ತಿದೆ. ಅತ್ತೆಯ ದನಿ ಕೇಳಿಸುತ್ತಿಲ್ಲ. ನಿದ್ದೆ ಹೋಗಿದ್ದಾರಾ?

ನಿಂತಿತು. ಒಮ್ಮೆಲೇ ನಿಂತಿತು. ಹಾಗೆ ನಿಲ್ಲುವುದಿಲ್ಲ ಅವಳು, ಬಿಕ್ಕಿ ಬಿಕ್ಕಿ ಆಮೇಲೆ... ಯಾಕೆ ನಿಂತಿತು? ಏನು ಬೇಕಾದರೂ ಅನ್ನಲಿ, ಬಾಗಿಲು ಬಡಿಯಲು ಹೋ—